ಕಿತ್ತು ಹೋಗದ ರಸ್ತೆ

ರಸ್ತೆ ಕಿತ್ತು ಹೋಗಲಿ ಅಂತ ದೇವರಿಗೆ ಕೈ ಮುಗಿಯುವ ರಸ್ತೆ ಮೇಸ್ತ್ರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಾಣದಿದ್ದರೆ ಮಡಿಕೇರಿ ಕಡೆಯ ಗಾಳಿಬೀಡಿನ ಆಚೆಗಿನ ಕೊಪ್ಪರಿಗೆ ತಿರುವಿಗೆ ಒಂದು ಆಟಿ ತಿಂಗಳಲ್ಲಿ ಬರಬೇಕಿತ್ತು. ಆಷಾಢದ ಆ ಜಡಿಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಪದ್ಮಯ್ಯ ರಸ್ತೆಯ ಅಂಚಿನಲ್ಲಿ ನಿಂತಿರುತ್ತಿದ್ದ. ಹಿಮ್ಮಡಿಯಿಂದ ಟಾರನ್ನು ಒಂದು ಸಲ ಗುದ್ದಿ, ಬಗ್ಗಿ ನೋಡಿ, ಒಂದು ಬಿರುಕಾದರೂ ಸಿಕ್ಕೀತಾ ಅಂತ ಬೆರಳಿನಿಂದ ಸವರಿ, "ಎಂತ ಕರ್ಮ ಮಾರಾಯ, ಇನ್ನೂ ಗಟ್ಟಿಯೇ ಉಂಟಲ್ಲ!" ಅಂತ ಸಂಕಟಪಡುತ್ತಿದ್ದ. ನಡುವಯಸ್ಸು ದಾಟಿದ ಗಂಡಸು, ಜೀವಮಾನವೆಲ್ಲ ರಸ್ತೆ ರಿಪೇರಿ ಮಾಡಿದವನು, ರಸ್ತೆ ಗಟ್ಟಿ ಉಂಟು ಅಂತ ಅಳುಮುಖ ಮಾಡಿದರೆ ನೋಡಿದವರು ಏನಂತ ತಿಳಿಯಬೇಕು ಹೇಳಿ.

ರಸ್ತೆ ಮೇಸ್ತ್ರಿ ಅಂದ ಕೂಡಲೇ ಭಾರೀ ಹುದ್ದೆ ಅಂದುಕೊಳ್ಳಬೇಡಿ. ಇಲಾಖೆಯ ಗ್ಯಾಂಗಿನಲ್ಲಿ ಗುದ್ದಲಿ ಹಿಡಿದು ಸೇರಿದವನು, ಮೊದಲಿದ್ದವರೆಲ್ಲ ನಿವೃತ್ತಿಯಾದ ಮೇಲೆ ಮೇಸ್ತ್ರಿ ಅನ್ನಿಸಿಕೊಂಡ, ಅಷ್ಟೆ. ಕೆಲಸ ಏನು ಅಂದರೆ ಮೇ ತಿಂಗಳಲ್ಲಿ ಟಾರು ಹಾಕುವುದು, ಜೂನಿನಲ್ಲಿ ಅದು ಹೋಗುವುದನ್ನು ನೋಡುವುದು, ಮಳೆ ಬಿಟ್ಟ ಮೇಲೆ ಹೊಂಡಕ್ಕೆ ಜಲ್ಲಿ ತುಂಬುವುದು. ಮರು ವರ್ಷ ಮತ್ತೆ ಅದೇ. "ಈ ತಿರುವಿನ ಟಾರಿಗೂ ಕೊಡೆಗೂ ಒಂದೇ ಆಯುಷ್ಯ" ಅಂತ ಊರವರು ನಗುತ್ತಿದ್ದರು. ಪದ್ಮಯ್ಯನೂ ನಗುತ್ತಿದ್ದ. ಆದರೆ ಒಳಗೆ ಅವನಿಗೆ ಅದು ಚುಚ್ಚುತ್ತಿತ್ತು. ಬಡಗಿಗೆ ತಾನು ಮಾಡಿದ ಬಾಗಿಲು ಕಾಣುತ್ತದೆ, ಗಾರೆಯವನಿಗೆ ತಾನು ಕಟ್ಟಿದ ಗೋಡೆ ಕಾಣುತ್ತದೆ. ಇಷ್ಟು ವರ್ಷ ಬಿಸಿಲಲ್ಲಿ ಬೆಂದು ಪದ್ಮಯ್ಯ ಮಾಡಿದ್ದು ಒಂದೂ ಉಳಿದಿರಲಿಲ್ಲ. ಎಲ್ಲ ತೊಳೆದುಕೊಂಡು ಹೊಳೆ ಸೇರಿತ್ತು.

ತಿರುವಿನ ಕೆಳಗೆ ಇರುವುದು ಅವನದೊಂದೇ ಮನೆ. ನೀರು ಮಾತ್ರ ರಸ್ತೆಯ ಮೇಲ್ಬದಿಯ ಒರತೆಯದು. ಬೇಸಿಗೆಯಲ್ಲೂ ಬತ್ತದ ಒರತೆ, ತಣ್ಣಗೆ ಕಣ್ಣಿನ ಹಾಗಿರುವ ನೀರು. ಅಲ್ಲಿಂದ ಒಂದು ಕಪ್ಪು ಹೋಸ್ ಪೈಪು ರಸ್ತೆಯ ಅಡಿಯಲ್ಲಿ ನುಸುಳಿ ಅವನ ಹೆಂಡತಿ ದಮಯಂತಿಯ ಬಚ್ಚಲಿಗೆ ಬರುತ್ತಿತ್ತು. ಆ ಪೈಪು ಹಾಕುವುದಕ್ಕೆ ಒಂದು ಕ್ರಮ ಇತ್ತು. ರಸ್ತೆ ಅಗೆಯುವುದು ತಪ್ಪು, ಹಾಗಾಗಿ ಯಾರೂ ಅಗೆಯುತ್ತಿರಲಿಲ್ಲ. ಮಳೆಗೆ ರಸ್ತೆ ತಾನಾಗಿ ಒಡೆದ ಮೇಲೆ ಒಡೆದ ಕಡೆ ಪೈಪು ತೂರಿಸಿ ಮಣ್ಣು ಮುಚ್ಚುತ್ತಿದ್ದರು. ಹಳೇ ಪೈಪು ತೂತು ಬಿದ್ದರೆ ಆಟಿಯ ತನಕ ಕಾದರೆ ಆಯಿತು. ರಸ್ತೆ ಒಡೆದೇ ಒಡೆಯುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಮೇಸ್ತ್ರಿಗಂತೂ ಮೊದಲೇ ಇರಲಿಲ್ಲ.

ಅಂಥ ತಿರುವಿಗೆ ಒಂದು ಬೇಸಿಗೆಯಲ್ಲಿ ತೇಜಸ್ವಿನಿ ಬಂದಳು. ಇಂಜಿನಿಯರಿಂಗ್ ಕಾಲೇಜಿನಲ್ಲಿ ರಸ್ತೆಗಳ ಬಗ್ಗೆ ಸಂಶೋಧನೆ ಮಾಡುವವಳು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಬೇಸಾಯದ ಮನೆಯ ಹುಡುಗಿ. ಇಲಾಖೆಯವರು ಅವಳ ಪ್ರಯೋಗಕ್ಕೆ ಅತಿ ಕೆಟ್ಟ ಜಾಗ ಒಂದನ್ನು ಕೊಟ್ಟಿದ್ದರು. ಹಳೇ ಟೈರುಗಳನ್ನು ಕಾಫಿ ಪುಡಿಯ ಹಾಗೆ ಪುಡಿ ಮಾಡಿ ಟಾರಿನಲ್ಲಿ ಕುದಿಸುವುದು, ಅದಕ್ಕೆ ತೆಂಗಿನ ನಾರನ್ನು ಬೆರಳ ಗೆಣ್ಣಿನಷ್ಟುದ್ದ ಕತ್ತರಿಸಿ ಜಲ್ಲಿಯ ಜೊತೆ ಕಲಸುವುದು. ರಬ್ಬರು ಇದ್ದರೆ ಲಾರಿ ಹೋದಾಗ ರಸ್ತೆ ಬಳುಕಿ ಮತ್ತೆ ಸೆಟೆದುಕೊಳ್ಳುತ್ತದೆ, ನಾರು ಇದ್ದರೆ ಟಾರು ಸೋರಿ ಹೋಗದೆ ಕಲ್ಲನ್ನು ಹಿಡಿದುಕೊಳ್ಳುತ್ತದೆ ಅಂತ ಅವಳು ಗ್ಯಾಂಗಿನವರಿಗೆಲ್ಲ ಕೂರಿಸಿ ಹೇಳಿದಳು.

ಗ್ಯಾಂಗಿನ ಹಳಬ ಪುಟ್ಟನಿಗೆ ನಗು ತಡೆಯಲಾಗಲಿಲ್ಲ. "ತೆಂಗಿನ ನಾರಲ್ಲಿ ನನ್ನ ಹೆಂಡತಿ ಪಾತ್ರೆ ತಿಕ್ಕುತ್ತಾಳೆ ಮೇಡಂ. ಅದರಲ್ಲಿ ರಸ್ತೆ ಮಾಡುವುದಾದರೆ ಹುಣಸೆಹುಳಿಯೂ ಸ್ವಲ್ಪ ಹಾಕುವ" ಅಂದ. ತೇಜಸ್ವಿನಿಯೂ ನಕ್ಕಳು. "ಹಾಕೋಣ ಬಿಡ್ರೀ, ಮಳೆಗಾಲ ಮುಗೀಲಿ. ಆಮೇಲೆ ಯಾರು ನಗ್ತಾರೆ ನೋಡೋಣ" ಅಂದಳು.

ಟಾರು ಹಾಕುವ ಬೆಳಿಗ್ಗೆ ಅವಳು ಪದ್ಮಯ್ಯನನ್ನು ಒಂದೇ ಒಂದು ಮಾತು ಕೇಳಿದಳು. "ಇದರಡೀಲಿ ಪೈಪು ಗೀಪು ಏನಾದ್ರೂ ಇದೆಯೇನ್ರೀ? ಇದ್ರೆ ಈಗ್ಲೇ ಹೇಳಿ. ಕಬ್ಬಿಣದ ಕೊಳವೆ ಇಟ್ಟು ಅದರೊಳಗೆ ತೂರಿಸೋಣ."

"ಎಂತದೂ ಇಲ್ಲ ಮೇಡಂ."

ಇತ್ತು. ಹಿಂದಿನ ಸಂಜೆಯಷ್ಟೇ ಅವನೇ ಹೊಸ ಹೋಸು ತಂದು, ಗೇಣಾಳಕ್ಕೆ ಕೆರೆದು, ಮೇಲೆ ಜಲ್ಲಿ ಎಳೆದಿದ್ದ. ಹೇಳುವುದು ಶಾಸ್ತ್ರ, ಹಾಕುವುದು ಗಾಳ! ಊರಿನವರಿಗೆಲ್ಲ ರಸ್ತೆ ಕಾನೂನು ಹೇಳುವವನು ಸ್ವಂತ ಪೈಪನ್ನು ಕದ್ದು ಹೂತಿದ್ದೇನೆ ಅಂತ ಆ ಹುಡುಗಿಯ ಮುಂದೆ ಹೇಗೆ ಹೇಳುವುದು? ಕಬ್ಬಿಣದ ಕೊಳವೆಗೆ ಮಡಿಕೇರಿಗೆ ಹೋಗಬೇಕು, ಕೆಲಸ ಒಂದು ದಿನ ನಿಲ್ಲುತ್ತದೆ, ಹತ್ತು ಜನ ಕೇಳುತ್ತಾರೆ. ಎಂತಕ್ಕೆ ಅದೆಲ್ಲ? ಆಟಿಗೆ ಹೇಗೂ ಕಿತ್ತು ಹೋಗುತ್ತದೆ, ಆಗ ಸರಿ ಮಾಡಿದರಾಯಿತು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟ.

ಮಿಕ್ಸು ಬಂತು. ಸುಟ್ಟ ಟೈರಿನ ವಾಸನೆಗೆ ಇಡೀ ತಿರುವು ಕೆಮ್ಮಿತು. ಮಾಮೂಲಿ ಟಾರಿಗಿಂತ ಬಿಸಿ, ಮಾಮೂಲಿಗಿಂತ ಅಂಟು. ರೋಲರು ಹೋಗಿ ಬಂದು, ಹೋಗಿ ಬಂದು, ರಸ್ತೆ ಒರಳುಕಲ್ಲಿನ ಹಾಗೆ ನುಣ್ಣಗೆ ಕೂತಿತು. ಸಂಜೆ ಮನೆಗೆ ಬಂದರೆ ದಮಯಂತಿ ನಲ್ಲಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನಲ್ಲಿ ಒಂದು ಸಲ ಬುಸ್ಸೆಂದು ಸುಮ್ಮನಾಯಿತು. ರೋಲರಿನ ಭಾರಕ್ಕೆ ಹೋಸು ಅಪ್ಪಚ್ಚಿಯಾಗಿತ್ತು.

"ಹೆದರಬೇಡ ಮಾರಾಯ್ತಿ, ಆಟಿಯ ತನಕ ಮಾತ್ರ" ಅಂದ ಪದ್ಮಯ್ಯ.

ಆಟಿ ಬಂತು. ಅಂಥ ಮಳೆ ಬಂತು. ಅತ್ತ ಒಂದು ರಸ್ತೆ ಕುಸಿಯಿತು, ಇತ್ತ ಇನ್ನೊಂದು ಕೊಚ್ಚಿ ಹೋಯಿತು, ಬಸ್ಸು ನಿಂತಿತು. ಕೊಪ್ಪರಿಗೆ ತಿರುವು ಮಾತ್ರ ಮಳೆಯಲ್ಲಿ ಮಿಂದ ಎಮ್ಮೆಯ ಬೆನ್ನಿನ ಹಾಗೆ ಹೊಳೆಯುತ್ತ ಬಿದ್ದಿತ್ತು. ಒಂದು ಕಲ್ಲು ಎದ್ದಿರಲಿಲ್ಲ. ಪದ್ಮಯ್ಯನಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಹೆದರಿಕೆಯಾಯಿತು.

ಬೇರೆ ದಾರಿ ಇರಲಿಲ್ಲವಾ ಅಂತ ನೀವು ಕೇಳುತ್ತೀರಿ. ಅವನು ಹುಡುಕದೆ ಬಿಟ್ಟನಾ? ಪೈಪನ್ನು ಮರದಿಂದ ಮರಕ್ಕೆ ಕಟ್ಟಿ ರಸ್ತೆಯ ಮೇಲಿಂದ ದಾಟಿಸುವ ಅಂದರೆ, ಒರತೆ ಇರುವುದು ರಸ್ತೆಗಿಂತ ಒಂದು ಮೊಳ ಎತ್ತರದಲ್ಲಿ, ನೀರು ಅಷ್ಟು ಮೇಲೆ ಹತ್ತುವುದಿಲ್ಲ. ಮಳೆನೀರು ದಾಟಲು ರಸ್ತೆಯಡಿ ಇಟ್ಟ ಮೋರಿಗಳಲ್ಲಿ ಮೇಲಿನದಕ್ಕೂ ಹತ್ತುವುದಿಲ್ಲ. ಕೆಳಗಿನ ಮೋರಿಯಲ್ಲಿ ದಾಟಿಸಿದರೆ ನೀರು ಮನೆಯನ್ನು ಬಿಟ್ಟು ಕಣಿವೆಗೆ ಇಳಿಯುತ್ತದೆ. ಬಾವಿ ತೋಡುವ ಅಂದರೆ ಮನೆಯ ಸುತ್ತ ಬಂಡೆ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಪದ್ಮಯ್ಯನಿಗೆ ಅದು ಗಾದೆ ಆಗಿ ಉಳಿಯಲಿಲ್ಲ.

ಕದ್ದು ಅಗೆದುಬಿಡಬಹುದಿತ್ತು. ಆದರೆ ಅದಕ್ಕೂ ಅವನೇ ಕಲ್ಲು ಹಾಕಿಕೊಂಡಿದ್ದ. ಆ ಚಳಿಗಾಲದಲ್ಲಿ ಮೇಲಿನ ಎಸ್ಟೇಟಿನ ಧಣಿ ಮನು ಕೆಳಗಿನ ತೋಟಕ್ಕೆ ಸ್ಪ್ರಿಂಕ್ಲರ್ ಪೈಪು ದಾಟಿಸಲು ಇಬ್ಬರು ಆಳುಗಳನ್ನು ಪಿಕಾಸಿ ಕೊಟ್ಟು ಕಳಿಸಿದ. ಪದ್ಮಯ್ಯ ಓಡಿ ಬಂದು ರಸ್ತೆಗೆ ಅಡ್ಡ ನಿಂತ. "ನನ್ನ ಮೇಲೆ ಅಗೆಯಿರಿ ಮೊದಲು! ಇದು ಪ್ರಯೋಗದ ರಸ್ತೆ. ಧಣಿಗೂ ಕೂಲಿಗೂ ಕಾನೂನು ಒಂದೇ!" ಅಂತ ಊರು ಸೇರುವ ಹಾಗೆ ಕೂಗಾಡಿದ. ಹಿಂದೆಯೇ ಬಂದ ಮನು ಆಳುಗಳನ್ನು ಹತ್ತಿಸಿಕೊಂಡು ಜೀಪು ತಿರುಗಿಸಿಕೊಂಡು ಹೋದ. ಪುಟ್ಟ ಮರುದಿನ ಪೇಟೆಯಲ್ಲೆಲ್ಲ ಆ ಕಥೆಗೆ ಉಪ್ಪು ಖಾರ ಹಚ್ಚಿ ಹೇಳಿದ. ಇನ್ನು ಪದ್ಮಯ್ಯ ಯಾವ ಮುಖ ಇಟ್ಟುಕೊಂಡು ಪಿಕಾಸಿ ಎತ್ತುವುದು?

ದಮಯಂತಿ ಕೊಡ ಹೊತ್ತಳು. ಅಂಗಳದಿಂದ ಮೆಟ್ಟಿಲು ಹತ್ತಿ, ರಸ್ತೆ ದಾಟಿ, ಒರತೆಯಲ್ಲಿ ತುಂಬಿ, ಮತ್ತೆ ದಾಟಿ ಇಳಿಯಬೇಕು. ಅವಳ ಎಡಮಂಡಿ ಮೊದಲೇ ಕೆಟ್ಟಿತ್ತು. ಪದ್ಮಯ್ಯ ಹೊರಲಿಲ್ಲವಾ ಅಂದರೆ, ಇಲ್ಲ. ಗಂಡಸು ಕೊಡ ಹೊತ್ತರೆ ಸೊಂಟ ಉಳುಕುತ್ತದೆ ಅಂತ ಯಾವ ಡಾಕ್ಟರು ಹೇಳಿದ್ದರೋ ಗೊತ್ತಿಲ್ಲ. ಭಾನುವಾರ ಒಂದು ಕ್ಯಾನು ತಂದಿಟ್ಟು ದೊಡ್ಡ ಉಪಕಾರ ಮಾಡಿದವನ ಹಾಗೆ ಉಸಿರು ಬಿಡುತ್ತಿದ್ದ.

ಎರಡನೇ ಮಳೆಗಾಲಕ್ಕೂ ರಸ್ತೆ ಜಗ್ಗಲಿಲ್ಲ. ಅದೇ ಹೊತ್ತಿಗೆ ಮಗಳು ಶೋಭಿತಾ ಬಸುರಿಯಾದ ಸುದ್ದಿ ಬಂತು. ಅವಳನ್ನು ಕೊಟ್ಟಿದ್ದು ಕುಶಾಲನಗರಕ್ಕೆ, ಅಳಿಯ ಚೇತನ್‌ಕುಮಾರ್ ಒಳ್ಳೆಯ ಹುಡುಗ, ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು. ಸೀಮಂತದ ದಿನ ಬೀಗಿತ್ತಿ ಎಲ್ಲರೆದುರು ನಗುನಗುತ್ತಲೇ ಕೇಳಿದಳು. "ಚೊಚ್ಚಲ ಬಾಣಂತನ ತವರಲ್ಲೇ ಆಗ್ಬೇಕು, ಸರಿ. ಆದ್ರೆ ಬಾಣಂತಿಗೆ ದಿನಾ ಹಂಡೆ ಹಂಡೆ ನೀರು ಬೇಕಲ್ಲ. ನಿಮ್ಮನೇಲಿ ನೀರಿಲ್ವಂತೆ?"

ದಮಯಂತಿಯ ಮುಖ ಸಣ್ಣದಾಯಿತು. ಮಗಳ ಬಾಣಂತನ ಮಾಡಲಾಗದ ತಾಯಿ ಅಂತ ಅನ್ನಿಸಿಕೊಳ್ಳುವುದಕ್ಕಿಂತ ಅವಳಿಗೆ ದೊಡ್ಡ ಅವಮಾನ ಇನ್ನೊಂದಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಮನೆಗೆ ಬಂದವಳೇ ಗಂಡನಿಗೆ ಹೇಳಿದಳು, "ನನಗೆ ಚಿನ್ನ ಬೇಡ, ಸೀರೆ ಬೇಡ. ಹೆರಿಗೆಯ ಒಳಗೆ ಬಚ್ಚಲಲ್ಲಿ ನೀರು ಬರಬೇಕು. ಹೇಗೆ ಅಂತ ನಿಮಗೆ ಬಿಟ್ಟದ್ದು."

ಪದ್ಮಯ್ಯನಿಗೆ ಊಟ ಸೇರಲಿಲ್ಲ. ಕಡೆಗೆ, ಮಳೆ ಬಿಟ್ಟು ತೇಜಸ್ವಿನಿ ರಸ್ತೆ ಪರೀಕ್ಷೆಗೆ ಬಂದ ದಿನ, ಮಾನ ಹೋದರೂ ಹೋಗಲಿ ಅಂತ ಗಟ್ಟಿ ಮನಸ್ಸು ಮಾಡಿದ. ಅವಳು ರಸ್ತೆಯ ಮೇಲೆ ಮಂಡಿಯೂರಿ, ಏನೋ ಯಂತ್ರ ಇಟ್ಟು ನೋಡಿ, ಮಕ್ಕಳ ಹಾಗೆ ಕುಣಿಯುವುದೊಂದು ಬಾಕಿ. "ಕೂದಲೆಳೆ ಬಿರುಕಿಲ್ಲ ಕಣ್ರೀ ಪದ್ಮಯ್ಯ! ಈ ಘಟ್ಟದಲ್ಲಿ, ಈ ಮಳೇಲಿ!"

"ಮೇಡಂ, ನಾನೊಂದು ಸುಳ್ಳು ಹೇಳಿದ್ದೆ" ಅಂದ ಪದ್ಮಯ್ಯ. ಹೋಸು ಹೂತದ್ದು, ರೋಲರು ಅರೆದದ್ದು, ಮಗಳ ಹೆರಿಗೆ, ಎಲ್ಲ ಹೇಳಿದ.

ತೇಜಸ್ವಿನಿ ಯಂತ್ರವನ್ನು ಪೆಟ್ಟಿಗೆಗೆ ಹಾಕಿ ದಡಕ್ಕನೆ ಮುಚ್ಚಿದಳು. ಅವಳಿಗೆ ಸಿಟ್ಟು ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಆದರೆ ಆಮೇಲೆ ಅವಳು ಕೆಳಗೆ, ಕೊಡ ಹೊತ್ತು ಮೆಟ್ಟಿಲು ಇಳಿಯುತ್ತಿದ್ದ ದಮಯಂತಿಯನ್ನು ನೋಡಿದಳು. "ಆವತ್ತೇ ಹೇಳಿದ್ರೆ ಒಂದು ದಿನದ ಕೆಲಸ ಆಗಿತ್ತಲ್ರೀ" ಅಂದಳು. "ಹೋಗ್ಲಿ. ಮೂರು ಮಳೆಗಾಲ ನೋಡ್ಬೇಕು ಅಂತಿದ್ದೆ. ಎರಡು ನೋಡಿದ್ದಾಯ್ತು. ಪ್ರಯೋಗ ಇಲ್ಲಿಗೆ ನಿಲ್ಲಿಸ್ತೀನಿ. ನಾನು ಇಲಾಖೆಗೆ ಹೇಳ್ತೀನಿ, ಕತ್ತರಿಸಿ ಪೈಪು ಹಾಕ್ಕೊಳ್ಳಿ. ಬಾಣಂತಿಗಿಂತ ರಸ್ತೆ ದೊಡ್ಡದಲ್ಲ."

ಇದಕ್ಕಿಂತ ಇನ್ನೇನು ಬೇಕು? ಎರಡು ಮಳೆಗಾಲ ಬೇಡಿದ್ದು ಬಾಗಿಲಿಗೇ ಬಂದಿತ್ತು. ಪದ್ಮಯ್ಯ ರಸ್ತೆಯ ಕಡೆ ನೋಡಿದ. ಪೈಪು ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಕೊಯ್ಯಬೇಕು ಅವನಿಗೆ ಗೊತ್ತು. ಕೊಯ್ದ ಗಾಯಕ್ಕೆ ಎಷ್ಟು ಚೆನ್ನಾಗಿ ತೇಪೆ ಹಾಕಿದರೂ ಅಲ್ಲೇ ನೀರು ಇಳಿಯುತ್ತದೆ, ಅಲ್ಲಿಂದಲೇ ಏಳಲು ಶುರುವಾಗುತ್ತದೆ ಅನ್ನುವುದೂ ಗೊತ್ತು. ತೇಪೆಯ ಬಾಳು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ಹಿಮ್ಮಡಿಯಿಂದ ಟಾರನ್ನು ಒಂದು ಸಲ ಗುದ್ದಿ ನೋಡಿದ.

"ಬೇಡ ಮೇಡಂ" ಅಂದ. "ಇನ್ನೊಂದು ಮಳೆಗಾಲ ಇರಲಿ. ನೀರಿಗೆ ನಾನು ಬೇರೆ ಎಂತಾದರೂ ಮಾಡ್ತೇನೆ."

"ಯೋಚನೆ ಮಾಡಿ ಹೇಳ್ತಿದ್ದೀರಾ?"

"ಹೌದು ಮೇಡಂ."

ಎಂಥ ಯೋಚನೆ, ಮಣ್ಣು! ಅವಳ ಕಾರು ಹೋದ ಮೇಲೆ ರಸ್ತೆಯ ಅಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತು ತಲೆ ತಲೆ ಚಚ್ಚಿಕೊಂಡ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು? ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಡೆಗೆ ಬಾಯಿಗೆ ಬಂದದ್ದು ಹೇಳಿದ. "ಕೇಳಿದೆ. ಮೇಡಂ ಒಪ್ಪಲಿಲ್ಲ."

ದಮಯಂತಿ ಅವನ ಮುಖವನ್ನೇ ನೋಡಿದಳು. ಆಮೇಲೆ ಫೋನು ತೆಗೆದುಕೊಂಡು ರಸ್ತೆಗೆ ಹತ್ತಿ, ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು ಬೀಗಿತ್ತಿಗೆ ಹೇಳಿದಳು. "ನೀರು ನಾನು ತರ್ತೇನೆ. ನೀವು ಮಗಳನ್ನು ಕಳಿಸಿ. ಒಂದು ಹನಿ ಕಡಿಮೆ ಆದರೆ ಆಗ ಕೇಳಿ."

ಮಡಿಕೇರಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಗುಂಡುಗುಂಡಗೆ. ಶೋಭಿತಾ ತವರಿಗೆ ಬಂದಳು. ಬಚ್ಚಲಲ್ಲಿ ಬೆಳಿಗ್ಗೆ ಬೆಂಕಿ ಹತ್ತಿತು, ದಮಯಂತಿಯ ಕೊಡದ ಓಡಾಟ ಶುರುವಾಯಿತು. ಈಗ ಇನ್ನೊಂದು ತಾಪತ್ರಯ. ಹೊಂಡ ಇದ್ದಾಗ ಆ ತಿರುವಿನಲ್ಲಿ ಗಾಡಿಗಳು ಬಸವನ ಹುಳದ ಹಾಗೆ ಬರುತ್ತಿದ್ದವು. ನುಣ್ಣನೆ ರಸ್ತೆಯಾದದ್ದೇ ತಡ, ಹೋಂಸ್ಟೇಗೆ ಹೋಗುವ ಕಾರುಗಳು ರೊಯ್ಯೆಂದು ಬರತೊಡಗಿದವು. ಹಾಗಾಗಿ ಪದ್ಮಯ್ಯ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಇಲಾಖೆಯ ಕೆಂಪು ಬಾವುಟ ಹಿಡಿದು ತಿರುವಿನಲ್ಲಿ ನಿಲ್ಲುವುದು, ಹೆಂಡತಿ ದಾಟುವಾಗ ಗಾಡಿ ತಡೆಯುವುದು ಅಂತಾಯಿತು. ಬಾವುಟ ಹಿಡಿಯುವುದು ಜವಾಬ್ದಾರಿಯ ಕೆಲಸ, ಅದಕ್ಕೆ ಅನುಭವ ಬೇಕು ಅಂತ ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬಗ್ಗಿ ಬಗ್ಗಿ ಬರುವ ದಮಯಂತಿಯನ್ನು ಮಾತ್ರ ನೇರ ನೋಡುತ್ತಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಎರಡೂ ಕಡೆ ಕಾರುಗಳು ನಿಂತಿದ್ದವು. ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಬಂದ ದಮಯಂತಿ ರಸ್ತೆಯ ನಟ್ಟನಡುವೆ ತಟ್ಟನೆ ನಿಂತಳು. ಮಂಡಿ ಹಿಡಿದಿತ್ತು. ಕೊಡವನ್ನು ಮೆಲ್ಲಗೆ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟಳು.

"ಏಳು ದಮಯಂತಿ, ಗಾಡಿ ಕಾಯ್ತಾ ಉಂಟು" ಅಂತ ಪದ್ಮಯ್ಯ ಇದ್ದಲ್ಲಿಂದಲೇ ಕೂಗಿದ.

"ಕಾಯಲಿ."

ಹಿಂದಿನಿಂದ ಒಂದು ಕಾರು ಹಾರ್ನ್ ಮಾಡಿತು. ಪದ್ಮಯ್ಯ ಬಾವುಟ ಬಿಟ್ಟು ಹೋದರೆ ಅವು ನುಗ್ಗುತ್ತವೆ, ಹೋಗದಿದ್ದರೆ ಹೆಂಡತಿ ನಡುರಸ್ತೆಯಲ್ಲಿ. ಕಾಲು ಕಿತ್ತಿಡಲಾಗದೆ ನಿಂತ.

ದಮಯಂತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಫೋನ್ ಕೊಡಿ. ಇಲ್ಲಿ ಸಿಗ್ನಲ್ ಉಂಟು. ಆ ಮೇಡಂ ಹತ್ತಿರ ನಾನೇ ಮಾತಾಡ್ತೇನೆ. ಅವಳೂ ಹೆಣ್ಣಲ್ವಾ? ಬಾಣಂತಿಗೆ ನೀರು ಬೇಕು ಅಂದರೆ ಹೆಣ್ಣಾದವಳು ಇಲ್ಲ ಅಂತಾಳಾ?"

ಪದ್ಮಯ್ಯನ ಕೈ ಜೇಬಿನ ಮೇಲೆ ಹೋಗಿ ಅಲ್ಲೇ ನಿಂತಿತು. ಕಾರಿನವರು ಕಿಟಕಿ ಇಳಿಸಿ ನೋಡುತ್ತಿದ್ದರು. ಅವನು ಬಾವುಟ ಹಿಡಿದುಕೊಂಡೇ ನಡೆದು ಬಂದು ಹೆಂಡತಿಯ ಎದುರು ಕುಕ್ಕರುಗಾಲಲ್ಲಿ ಕೂತ.

"ಅವರು ಇಲ್ಲ ಅನ್ನಲಿಲ್ಲ" ಅಂದ. "ಕತ್ತರಿಸಿ ಪೈಪು ಹಾಕಿ ಅಂದರು. ನಾನೇ ಬೇಡ ಅಂದೆ."

"ಯಾಕೆ?"

ಹೇಳಲು ಅವನ ಹತ್ತಿರ ದೊಡ್ಡ ಕಾರಣ ಒಂದೂ ಇರಲಿಲ್ಲ. "ನಾನು ಹಾಕಿದ್ದರಲ್ಲಿ ಉಳಿದದ್ದು ಇದೊಂದೇ. ಕೊಯ್ಯಲು ಮನಸ್ಸು ಬರಲಿಲ್ಲ."

ದಮಯಂತಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಂಗೈಯನ್ನು ರಸ್ತೆಗೆ ಊರಿ, ಅದನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅವನ ಹೆಗಲು ಹಿಡಿದುಕೊಂಡು ಎದ್ದು, ಅವನ ಕೈಯಿಂದ ಬಾವುಟ ಕಸಿದುಕೊಂಡಳು.

"ಕೊಡ ತಗೊಳ್ಳಿ" ಅಂದಳು.

ಅವನು ತಗೊಂಡ. ಸೊಂಟದಲ್ಲಿ ನಿಲ್ಲದೆ ಹೆಗಲಿಗೆ ಏರಿಸಿದ. ನೀರು ಬೆನ್ನ ಮೇಲೆಲ್ಲ ಸುರಿಯಿತು. ಮೆಟ್ಟಿಲು ಇಳಿದು, ಹಂಡೆಗೆ ಹುಯ್ದು, ಖಾಲಿ ಕೊಡ ಹಿಡಿದು ಮೇಲೆ ಬಂದರೆ ದಮಯಂತಿ ಬಾವುಟ ಎತ್ತಿ ಹಿಡಿದು ಹಾಗೇ ನಿಂತಿದ್ದಳು. ಕಾರುಗಳು ಸಾಲುಗಟ್ಟಿದ್ದವು.

"ಏನಮ್ಮಾ, ರಸ್ತೆ ಕೆಲಸಾನಾ? ಇನ್ನೂ ಎಷ್ಟೊತ್ತು?" ಅಂತ ಒಬ್ಬ ಕೇಳಿದ.

"ರಸ್ತೆ ಕೆಲಸ ಅಲ್ಲ, ಮನೆ ಕೆಲಸ. ಹಂಡೆ ತುಂಬುವ ತನಕ" ಅಂದಳು ದಮಯಂತಿ. ಬಾವುಟ ಇಳಿಸಲಿಲ್ಲ.

ಪದ್ಮಯ್ಯ ಮತ್ತೆ ತುಂಬಿಸಿದ, ಮತ್ತೆ ದಾಟಿದ. ಹೆಗಲು ಉರಿಯಿತು, ತೊಡೆ ನಡುಗಿತು. ಕಾರಿನಲ್ಲಿದ್ದವರ ಕಣ್ಣು, ಹೆಂಡತಿಯ ಕಣ್ಣು, ಎಲ್ಲ ಅವನ ಮೇಲೆ. ತುಳುಕಿದ ನೀರಿನಿಂದ ದಾಟುವಲ್ಲೆಲ್ಲ ರಸ್ತೆ ಒದ್ದೆಯಾಗಿತ್ತು, ಜಾರಿ ಬಿದ್ದಾದರೂ ಹೋಗಬಾರದಾ ಅಂತ ಅನ್ನಿಸಿತು ಅವನಿಗೆ. ಜಾರಲಿಲ್ಲ. ಕಾಲು ಇಟ್ಟಲ್ಲೆಲ್ಲ ಟಾರು ಹಿಡಿದು ನಿಲ್ಲಿಸಿತು. ಅಷ್ಟು ಒಳ್ಳೆಯ ರಸ್ತೆ ಅದು.